ನೀರಿನಂತೆ ಲೆಕ್ಕ ಮಾಡಿದ ಯಂತ್ರ

ಶಿವಮೊಗ್ಗೆಯಿಂದ ತೀರ್ಥಹಳ್ಳಿಯ ದಾರಿ ಹಿಡಿದು ಹೊರಟವರಿಗೆ ಸುಮಾರು 14 ಕಿಲೋಮೀಟರು ದೂರದಲ್ಲಿ ಸಕ್ರೆಬೈಲು ಸಿಗುತ್ತದೆ. ಅಲ್ಲಿಯ ಬಿಡಾರದ ಆನೆಗಳು ಮೀಯುವ ನೀರು, ಗಾಜನೂರಿನ ಅಣೆಕಟ್ಟು ತಡೆದು ನಿಲ್ಲಿಸಿದ ತುಂಗೆಯ ಹಿನ್ನೀರು. ಆ ನೀರು ಹಗಲಿರುಳೂ ಒಂದು ಲೆಕ್ಕವನ್ನು ಮಾಡುತ್ತಿದೆ ಎಂದರೆ ವಾಚಕರು ನಗಬಹುದು. ಆದರೂ ಮಾತು ನಿಜ.

ಮಳೆಗಾಲದಲ್ಲಿ ಹೊಳೆಯ ಒಳಹರಿವು ಗಳಿಗೆಗೊಂದು ಬಗೆಯಾಗಿರುತ್ತದೆ. ಹೊರಗೆ ಬಿಡುವ ನೀರೂ ಒಂದೇ ಸಮನಾಗಿರುವುದಿಲ್ಲ. ಸಂಜೆಯ ವೇಳೆಗೆ ಉಳಿದ ನೀರೆಷ್ಟು? ಕಾಗದದ ಮೇಲೆ ಇದನ್ನು ಕಾಣಬೇಕಾದರೆ ಕ್ಷಣಕ್ಷಣದ ವ್ಯತ್ಯಾಸಗಳನ್ನೆಲ್ಲ ಕೂಡಿಸಬೇಕು. ಗಣಿತಜ್ಞರು ಇದನ್ನು ಅನುಕಲನವೆನ್ನುತ್ತಾರೆ. ಜಲಾಶಯವಾದರೋ ಕೂಡಿಸುವ ಕೆಲಸವನ್ನು ತಾನೇ ಮುಗಿಸಿ, ಉತ್ತರವನ್ನು ನೀರಿನ ಮಟ್ಟದಲ್ಲಿ ತೋರಿಸುತ್ತದೆ.

ಇದೇ ತತ್ತ್ವದ ಮೇಲೆ ನಡೆದ ಗಣಕಯಂತ್ರಗಳು ಹಿಂದೆ ಇದ್ದುವು. ಅವನ್ನು ಸದೃಶ ಗಣಕಗಳೆಂದು ಕರೆಯಬಹುದು. ಇವುಗಳಲ್ಲಿ ನೀರಿನ ಬದಲು ವಿದ್ಯುತ್ತು, ಜಲಾಶಯದ ಬದಲು ಕೆಪಾಸಿಟರು, ನೀರಿನ ಮಟ್ಟದ ಬದಲು ವೋಲ್ಟೇಜು. ಒಂದು ವರ್ಧಕಕ್ಕೆ 10 ಲಕ್ಷ ಓಮಿನ ರೋಧಕವನ್ನೂ 1 ಮೈಕ್ರೋಫ್ಯಾರಡಿನ ಕೆಪಾಸಿಟರನ್ನೂ ತಕ್ಕಂತೆ ಜೋಡಿಸಿ 1 ವೋಲ್ಟನ್ನು ಕೊಟ್ಟರೆ, ಹೊರಬರುವ ವೋಲ್ಟೇಜು ಪ್ರತಿ ಸೆಕೆಂಡಿಗೂ 1 ವೋಲ್ಟಿನಷ್ಟು ಬದಲಾಗುತ್ತ ಹೋಗುತ್ತದೆ; ಚಿಹ್ನೆ ಮಾತ್ರ ತಿರುಗುಮುರುಗು.

ನಮ್ಮ ನಾಡಿನಲ್ಲಿಯೇ ಇಂತಹ ಯಂತ್ರವೊಂದು ಸಿದ್ಧವಾಯಿತು. 1950ರ ದಶಕದ ನಡುಭಾಗದಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ವಿನ್ಸೆಂಟ್ ರೈಡೌಟರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದಿದ್ದರು. ಆಗ ಅಲ್ಲಿ ರೂಪುಗೊಂಡ ಗಣಕಕ್ಕೆ ಪ್ರೇಡಾ ಎಂದು ಹೆಸರು. ಮುಂದೆ ಭಾರತದಲ್ಲಿ ಗಣಕವಿಜ್ಞಾನದ ಬೋಧನೆಗೆ ತಳಹದಿ ಹಾಕಿದವರಲ್ಲಿ ಒಬ್ಬರಾದ ವಿ. ರಾಜಾರಾಮನ್ ಅವರು ಅಲ್ಲಿ ವಿದ್ಯಾರ್ಥಿಯಾಗಿದ್ದಾಗ ಅದರ ಕೆಲಸದಲ್ಲಿ ಪಾಲ್ಗೊಂಡಿದ್ದರು.

ಇಂತಹ ಯಂತ್ರ ಸಮೀಕರಣವನ್ನು ಬಿಡಿಸುವ ಬಗೆಯನ್ನು ನೋಡೋಣ. ಸ್ಪ್ರಿಂಗಿಗೆ ತೂಗಹಾಕಿದ ಗುಂಡಿನ ವೇಗೋತ್ಕರ್ಷವನ್ನು ಒಮ್ಮೆ ಅನುಕಲಿಸಿದರೆ ವೇಗ, ಮತ್ತೊಮ್ಮೆ ಅನುಕಲಿಸಿದರೆ ಸ್ಥಾನ ದೊರೆಯುತ್ತದೆ. ಸ್ಥಾನದ ಚಿಹ್ನೆಯನ್ನು ಬದಲಿಸಿ, ತಕ್ಕ ಸಂಖ್ಯೆಯಿಂದ ಗುಣಿಸಿದರೆ ಮತ್ತೆ ಅದೇ ವೇಗೋತ್ಕರ್ಷ! ಆದುದರಿಂದ ಕೊನೆಯ ತಂತಿಯನ್ನು ಮೊದಲಿಗೆ ಸೇರಿಸಿದರಾಯಿತು. ಕೆಪಾಸಿಟರಿಗೆ ಮೊದಲಿಷ್ಟು ವೋಲ್ಟೇಜನ್ನು ಕೊಟ್ಟು ಬಿಟ್ಟೊಡನೆ, ಗುಂಡು ತೂಗಾಡುವಂತೆಯೇ ವೋಲ್ಟೇಜೂ ಏರಿಳಿಯತೊಡಗುತ್ತದೆ. ಘರ್ಷಣೆಗೆಂದು ಇನ್ನೊಂದು ತಂತಿಯನ್ನು ಸೇರಿಸಿ ಅದರ ಗುಂಡಿಯನ್ನು ತಿರುಗಿಸಿದರೆ, ತೂಗಾಟ ಕುಗ್ಗುವುದನ್ನು ಕಣ್ಣಾರೆ ಕಾಣಬಹುದು.

ಹಾಗಿದ್ದರೆ ಈ ಯಂತ್ರಗಳು ಮರೆಯಾದುದೇಕೆ? ಇವುಗಳ ಉತ್ತರ ನಿಖರವಾಗಿರುತ್ತಿದ್ದುದು ಮೂರು ನಾಲ್ಕು ಅಂಕಿಗಳವರೆಗೆ ಮಾತ್ರ. ಹೊಸ ಸಮಸ್ಯೆ ಬಂದಾಗಲೆಲ್ಲ ತಂತಿಗಳನ್ನು ಬಿಚ್ಚಿ ಹೊಸದಾಗಿ ಜೋಡಿಸಬೇಕಾಗಿತ್ತು. ಅಂಕಿಗಳನ್ನು ಎಣಿಸುವ ಗಣಕಕ್ಕೆ ಈ ತೊಡಕುಗಳಿಲ್ಲ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ ಸಿದ್ಧವಾಗಿ, 1962ರಲ್ಲಿ ಟಿಫ್ರಾಕ್ ಎಂಬ ಹೆಸರು ಪಡೆದ ಯಂತ್ರ ಆ ಜಾತಿಯದು. ಇಂದು ನಮ್ಮ ಜೇಬಿನಲ್ಲಿರುವುದೂ ಅದರ ಸಂತತಿಯೇ.

ಸೋತ ಯಂತ್ರಕ್ಕಾಗಿ ನಾವು ಮರುಗಬೇಕಾಗಿಲ್ಲ. ಆದರೆ ಅದು ಕಲಿಸುತ್ತಿದ್ದ ಪಾಠವನ್ನು ಕಳೆದುಕೊಳ್ಳುವುದು ನಷ್ಟವೇ ಸರಿ. ನಮ್ಮ ತರಗತಿಗಳಲ್ಲಿ ಅನುಕಲನದ ಸೂತ್ರಗಳನ್ನು ತಪ್ಪಿಲ್ಲದೆ ಒಪ್ಪಿಸುವ ವಿದ್ಯಾರ್ಥಿಗಳು, ಅದರ ಅರ್ಥವೇನೆಂದು ಕೇಳಿದರೆ ಸುಮ್ಮನಾಗುವುದುಂಟು. ಎರಡು ವಸ್ತುಗಳು ಒಂದೇ ಸಮೀಕರಣಕ್ಕೆ ಒಳಪಟ್ಟಿದ್ದರೆ ಒಂದರ ಪ್ರಶ್ನೆಗೆ ಇನ್ನೊಂದು ಉತ್ತರ ಕೊಡಬಲ್ಲುದು. ಈ ಮಾತು ಮನಸ್ಸಿಗೆ ನಾಟಬೇಕಾದರೆ ಪ್ರೇಡಾ ಇಲ್ಲದಿದ್ದರೂ ಚಿಂತೆಯಿಲ್ಲ. ಸಕ್ರೆಬೈಲಿನ ದಡದಲ್ಲಿ ಒಂದು ಕೋಲು ನೆಟ್ಟು, ನೀರಿನ ಏರಿಳಿತವನ್ನು ಗುರುತು ಹಾಕುತ್ತ ಒಂದು ದಿನ ಕುಳಿತರೆ ಸಾಕು.