ಮುದ್ರಕದೊಡನೆ ಮಾತುಕತೆ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ – ಈ ಮೂರು ಊರುಗಳ ಪೇಟೆಯಲ್ಲಿ ಎತ್ತ ನಡೆದರೂ ಒಂದು ಜೆರಾಕ್ಸ್ ಅಂಗಡಿ ಕಣ್ಣಿಗೆ ಬೀಳುತ್ತದೆ. ಪಹಣಿಯ ಪ್ರತಿ, ಆಧಾರ್ ಚೀಟಿಯ ನಕಲು, ಮಕ್ಕಳ ಅಂಕಪಟ್ಟಿ, ಯಕ್ಷಗಾನದ ಕರಪತ್ರ – ಎಲ್ಲವೂ ಮೇಜಿನ ಮೇಲಿನ ಒಂದೇ ಪೆಟ್ಟಿಗೆಯಿಂದ ಹೊರಬರುತ್ತವೆ. ಅಚ್ಚು ಹಾಕುವುದು, ನಕಲು ತೆಗೆಯುವುದು, ಕಾಗದದ ಚಿತ್ರವನ್ನು ಗಣಕಕ್ಕೆ ಉಣಿಸುವುದು ಎಂಬ ಮೂರು ಕೆಲಸಗಳನ್ನೂ ಮಾಡುವ ಈ ಯಂತ್ರಕ್ಕೆ ‘ಆಲ್-ಇನ್-ವನ್’ ಎಂದು ಹೆಸರು.

ಇಂತಹ ಅಂಗಡಿಯ ಒಡೆಯರೊಬ್ಬರ ಸ್ಥಿತಿಯನ್ನು ಊಹಿಸಿಕೊಳ್ಳೋಣ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸಾಮಾನ್ಯ ಬೆಂಬಲವು ಕೊನೆಗೊಂಡಿತು. ಹಳೆಯ ಗಣಕಗಳಲ್ಲಿ ಹಲವು ಅದರ ಮುಂದಿನ ಆವೃತ್ತಿಯನ್ನು ಹೊರಲಾರವು. ಹೀಗಿರಲು ಅವರು ಸ್ನೇಹಿತರ ಮಾತು ಕೇಳಿ, ಬೆಲೆಯಿಲ್ಲದೆ ದೊರೆಯುವ ಲಿನಕ್ಸನ್ನು ಹಾಕಿಸುತ್ತಾರೆ. ಪರದೆ ಬೆಳಗುತ್ತದೆ, ಅಂತರಜಾಲವೂ ಬರುತ್ತದೆ; ಮುದ್ರಕ ಮಾತ್ರ ಮೂಕವಾಗಿದೆ. ಗಿರಾಕಿಗಳು ಕಾಯುತ್ತಿದ್ದಾರೆ. ‘ಲಿನಕ್ಸ್ ನಮಗೆ ಹೇಳಿದ್ದಲ್ಲ’ ಎಂದೋ, ‘ಪ್ರಿಂಟರ್ ಹೋಯಿತು’ ಎಂದೋ ತೀರ್ಮಾನಿಸಲು ಹೆಚ್ಚು ಹೊತ್ತು ಬೇಕಿಲ್ಲ. ಎರಡೂ ದುಡುಕಿನ ತೀರ್ಮಾನಗಳೇ.

ಮೊದಲು ಮಾಡಬೇಕಾದ ಪರೀಕ್ಷೆ ಬಲು ಸುಲಭವಾದುದು. ಗಣಕದ ತಂತಿಯನ್ನು ಕಿತ್ತು, ಗಾಜಿನ ಮೇಲೆ ಒಂದು ಕಾಗದವಿಟ್ಟು, ನಕಲಿನ ಗುಂಡಿಯನ್ನು ಒತ್ತಿ ನೋಡುವುದು. ನಕಲು ಚೆನ್ನಾಗಿ ಬಂದರೆ ಶಾಯಿ, ಉರುಳೆ, ದೀಪ ಎಲ್ಲವೂ ಸರಿಯಾಗಿವೆಯೆಂದೇ ಅರ್ಥ. ದೋಷವಿರುವುದು ಯಂತ್ರದಲ್ಲಲ್ಲ, ಯಂತ್ರಕ್ಕೂ ಗಣಕಕ್ಕೂ ನಡೆಯಬೇಕಾದ ಮಾತುಕತೆಯಲ್ಲಿ.

ಆ ಮಾತುಕತೆ ಎಂತಹುದು? ಒಂದು ಎ4 ಹಾಳೆಯ ಮೇಲೆ ಅಂಗುಲಕ್ಕೆ 600 ಚುಕ್ಕೆಗಳಂತೆ ಅಚ್ಚು ಹಾಕುವುದಾದರೆ ಅಗಲಕ್ಕೆ 4960, ಉದ್ದಕ್ಕೆ 7016, ಅಂತೂ ಸುಮಾರು 3 ಕೋಟಿ 48 ಲಕ್ಷ ಚುಕ್ಕೆಗಳ ಸ್ಥಾನಗಳಾಗುತ್ತವೆ. ಒಂದೊಂದರಲ್ಲಿಯೂ ಕಪ್ಪೋ ಬಿಳುಪೋ ಎಂಬುದನ್ನು ಯಾರಾದರೂ ನಿರ್ಧರಿಸಬೇಕು. ‘ಕ’ ಎಂಬ ಅಕ್ಷರವಾಗಲಿ ಅದರ ಕೆಳಗಿನ ಒತ್ತಾಗಲಿ ಮುದ್ರಕಕ್ಕೆ ಗೊತ್ತಿಲ್ಲ. ಅದು ಬಲ್ಲುದು ಚುಕ್ಕೆಗಳನ್ನು ಮಾತ್ರ. ಬೆಲೆಬಾಳುವ ಮುದ್ರಕಗಳು ಪೋಸ್ಟ್‌ಸ್ಕ್ರಿಪ್ಟಿನಂತಹ ಬಹಿರಂಗವಾದ ಭಾಷೆಯಲ್ಲಿ ಪುಟದ ವಿವರಣೆಯನ್ನು ಪಡೆದು ಚುಕ್ಕೆಗಳನ್ನು ತಾವೇ ಎಣಿಸಿಕೊಳ್ಳುತ್ತವೆ. ಅಗ್ಗದ ಹಲವು ಯಂತ್ರಗಳಿಗೆ ಅಷ್ಟು ಬುದ್ಧಿಯನ್ನಿಟ್ಟಿಲ್ಲ. ಗಣಕವೇ ಎಲ್ಲ ಚುಕ್ಕೆಗಳನ್ನೂ ಲೆಕ್ಕ ಹಾಕಿ, ಒತ್ತಿ ಕಟ್ಟಿ, ತಯಾರಕರು ಗೊತ್ತುಮಾಡಿದ ಗುಪ್ತವಾದ ಕ್ರಮದಲ್ಲಿ ಕಳುಹಿಸಬೇಕು. ಈ ಕ್ರಮವನ್ನು ಬಲ್ಲ ದುಭಾಷಿಯೇ ‘ಡ್ರೈವರ್’.

ನಮ್ಮ ಕಚೇರಿಗಳಲ್ಲಿ ಬಹುಕಾಲ ದುಡಿದ ಲೇಸರ್‌ಜೆಟ್ 1020 ಬರಿಯ ಮುದ್ರಕವೇ ಹೊರತು ಆಲ್-ಇನ್-ವನ್ ಅಲ್ಲ. ಆದರೂ ಉದಾಹರಣೆಗೆ ಒಳ್ಳೆಯದು. ಅದನ್ನು ನಡೆಸುವ ‘ಫರ್ಮ್‌ವೇರ್’ ಅದರ ಶಾಶ್ವತ ನೆನಪಿನಲ್ಲಿ ಇಲ್ಲವೇ ಇಲ್ಲ. ಯಂತ್ರವನ್ನು ಹೊತ್ತಿಸಿದಾಗಲೆಲ್ಲ ಗಣಕವು ಅದನ್ನು ಹೊಸದಾಗಿ ಕಳುಹಿಸಿಕೊಡಬೇಕು. ಮಳೆಗಾಲದಲ್ಲಿ ಕರೆಂಟು ಹೋಗಿ ಬಂದರೆ ಮುದ್ರಕವು ಕಲಿತುದನ್ನೆಲ್ಲ ಮರೆತು ಕುಳಿತಿರುತ್ತದೆ! ಲಿನಕ್ಸಿನಲ್ಲಿ ಈ ವರ್ಗದ ಯಂತ್ರಗಳಿಗಾಗಿ ‘ಎಚ್‌ಪಿಲಿಪ್’ ಎಂಬ ತಂತ್ರಾಂಶವಿದೆ. ಅದರ ಬಹುಭಾಗ ಮುಕ್ತವಾದರೂ, ಕೆಲವು ಮಾದರಿಗಳಿಗೆ ‘ಪ್ಲಗಿನ್’ ಎಂಬ ಮುಚ್ಚಿದ ತುಣುಕೊಂದನ್ನು ಬೇರೆಯಾಗಿ ಇಳಿಸಿಕೊಳ್ಳಬೇಕಾಗುತ್ತದೆ. ಈ ತುಣುಕಿನ ಆವೃತ್ತಿಯೂ ಮೂಲ ತಂತ್ರಾಂಶದ ಆವೃತ್ತಿಯೂ ಒಂದೇ ಆಗಿರಬೇಕು. ನಿನ್ನೆಯವರೆಗೆ ನಡೆಯುತ್ತಿದ್ದ ಮುದ್ರಕವು ಲಿನಕ್ಸನ್ನು ನವೀಕರಿಸಿದ ಮರುದಿನ ನಿಂತುಹೋದರೆ ಮೊದಲು ಸಂದೇಹಿಸಬೇಕಾದುದು ಇದನ್ನೇ.

ಮುಕ್ತ ತಂತ್ರಾಂಶದ ಚಳುವಳಿಗೂ ಒಂದು ಮುದ್ರಕಕ್ಕೂ ನಂಟುಂಟು ಎಂಬುದನ್ನು ವಾಚಕರು ಅರಿಯಬೇಕು. 1980ರ ಸುಮಾರಿಗೆ ಅಮೆರಿಕದ ಎಂಐಟಿಯ ಪ್ರಯೋಗಶಾಲೆಗೆ ಜೆರಾಕ್ಸ್ ಕಂಪೆನಿಯ ಹೊಸ ಲೇಸರ್ ಮುದ್ರಕವೊಂದು ಬಂದಿತು. ಅಲ್ಲಿ ಕೆಲಸಮಾಡುತ್ತಿದ್ದ ರಿಚರ್ಡ್ ಸ್ಟಾಲ್‌ಮನ್ನರು ಹಿಂದಿನ ಮುದ್ರಕದ ತಂತ್ರಾಂಶವನ್ನು ತಿದ್ದಿ, ಕಾಗದ ಸಿಕ್ಕಿಕೊಂಡೊಡನೆ ಕಾಯುತ್ತಿರುವವರಿಗೆ ಸುದ್ದಿ ಹೋಗುವಂತೆ ಮಾಡಿದ್ದರು. ಹೊಸದಕ್ಕೂ ಹಾಗೆಯೇ ಮಾಡಹೊರಟಾಗ ಅದರ ಮೂಲಲಿಪಿ ಅವರಿಗೆ ದೊರೆಯಲಿಲ್ಲ. ಅದನ್ನು ಹೊಂದಿದ್ದವರು ಗೌಪ್ಯದ ಒಪ್ಪಂದಕ್ಕೆ ಒಳಪಟ್ಟಿದ್ದರು. ಯಂತ್ರ ಕಣ್ಣೆದುರಿಗಿದೆ, ತಿದ್ದುವ ಜಾಣ್ಮೆಯೂ ಇದೆ, ಓದಲು ಮಾತ್ರ ಅನುಮತಿಯಿಲ್ಲ. 1983ರಲ್ಲಿ ಅವರು ಗ್ನೂ ಯೋಜನೆಯನ್ನು ಸಾರಿದುದರ ಹಿಂದೆ ಈ ಅನುಭವವೂ ಇತ್ತು. 1991ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಬರೆದ ಲಿನಕ್ಸ್ ತಿರುಳು ಅದರೊಡನೆ ಕೂಡಿಕೊಂಡಿತು.

ಓದಲಾಗದುದನ್ನು ತಿದ್ದಲಾಗದು ಎಂಬುದು ಮೂಡುಬಿದಿರೆಯವರಿಗೆ ಹೊಸ ಮಾತಲ್ಲ. ಅಲ್ಲಿನ ಸಿದ್ಧಾಂತ ಬಸದಿಯಲ್ಲಿದ್ದ ಧವಲಾ ಗ್ರಂಥದ ತಾಳೆಯೋಲೆಗಳು ಬಹುಕಾಲ ಯಾತ್ರಿಕರ ದರ್ಶನಕ್ಕಷ್ಟೇ ಒದಗುತ್ತಿದ್ದವು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ತೊಡಗಿದ ಪ್ರತಿ ಮಾಡುವ ಕೆಲಸ ಮುಗಿದುದು 1922ರ ವೇಳೆಗೆ. ಹೀರಾಲಾಲ್ ಜೈನರ ಸಂಪಾದನೆಯ ಮೊದಲ ಸಂಪುಟ 1939ರಲ್ಲಿ ಅಚ್ಚಾಯಿತು. ಹಲವು ಕೈಗಳಿಗೆ ಪ್ರತಿಗಳು ಸಿಕ್ಕಿದ ಮೇಲೆಯೇ ಪಾಠವನ್ನು ಒರೆಗೆ ಹಚ್ಚುವುದು ಸಾಧ್ಯವಾಯಿತು.

ಮರಳಿ ನಮ್ಮ ಅಂಗಡಿಗೆ ಬರೋಣ. ಲಿನಕ್ಸಿನಲ್ಲಿ ಅಚ್ಚಿನ ಕೆಲಸವನ್ನು ನೋಡಿಕೊಳ್ಳುವುದು ‘ಕಪ್ಸ್’. ಮೈಕೇಲ್ ಸ್ವೀಟ್ ಎಂಬವರು 1997ರಲ್ಲಿ ಇದನ್ನು ಬರೆಯತೊಡಗಿ 1999ರಲ್ಲಿ ಹೊರತಂದರು. ಬ್ರೌಸರಿನಲ್ಲಿ ‘ಲೋಕಲ್‌ಹೋಸ್ಟ್’ ಎಂಬ ವಿಳಾಸದ 631ನೆಯ ದ್ವಾರವನ್ನು ತೆರೆದರೆ ಅದರ ಪುಟವು ಕಾಣಿಸುತ್ತದೆ. ಅಲ್ಲಿ ಮುದ್ರಕವನ್ನು ಸೇರಿಸಬಹುದು, ಕೆಲಸವು ಎಲ್ಲಿ ನಿಂತಿದೆಯೆಂದು ನೋಡಬಹುದು. ಆದರೆ ಸ್ಕ್ಯಾನರಿಗೂ ಕಪ್ಸಿಗೂ ಸಂಬಂಧವಿಲ್ಲ! ಚಿತ್ರ ತೆಗೆಯುವ ಭಾಗವನ್ನು ‘ಸೇನ್’ ಎಂಬ ಬೇರೊಂದು ತಂತ್ರಾಂಶವು ನಡೆಸುತ್ತದೆ. ಪೆಟ್ಟಿಗೆ ಒಂದೇ ಆದರೂ ಒಳಗಿರುವುದು ಎರಡು ಸಂಸಾರ. ಅಚ್ಚು ಬಂದು ಸ್ಕ್ಯಾನ್ ಬಾರದಿದ್ದರೆ ಅಚ್ಚಿನ ಡ್ರೈವರನ್ನು ಹತ್ತು ಸಲ ತೆಗೆದು ಹಾಕಿದರೂ ಫಲವಿಲ್ಲ; ಸೇನ್‌ಗೆ ಆ ಯಂತ್ರದ ಪರಿಚಯವಿದೆಯೇ ಎಂದು ನೋಡಬೇಕು. ಬಹುಮಂದಿ ದಿನಗಟ್ಟಲೆ ಕಳೆಯುವುದು ಇದನ್ನು ತಿಳಿಯದೆಯೇ.

ಹೊಸ ಯಂತ್ರಗಳಲ್ಲಿ ಈ ಕಷ್ಟ ಬಹುಮಟ್ಟಿಗೆ ತಗ್ಗಿದೆ. 2010ರಲ್ಲಿ ಆಪಲ್ ಕಂಪೆನಿಯು ಏರ್‌ಪ್ರಿಂಟ್ ವ್ಯವಸ್ಥೆಯನ್ನು ತಂದಿತು; ಫೋನಿನಲ್ಲಿ ಒಂದೊಂದು ಮುದ್ರಕಕ್ಕೂ ಒಂದೊಂದು ಡ್ರೈವರನ್ನು ಹಾಕಲಾಗದುದರಿಂದ ತಯಾರಕರೆಲ್ಲರೂ ಸಮಾನವಾದೊಂದು ಭಾಷೆಗೆ ಒಗ್ಗಿಕೊಳ್ಳಬೇಕಾಯಿತು. ಅದಕ್ಕೆ ಆಧಾರವಾಗಿದ್ದ ಐಪಿಪಿ ಎಂಬ ಬಹಿರಂಗ ನಿಯಮಾವಳಿಯನ್ನು ಕಪ್ಸ್ ಮೊದಲೇ ಬಲ್ಲುದು. ಚಿತ್ರ ತೆಗೆಯುವುದಕ್ಕೂ ಇಎಸ್‌ಸಿಎಲ್ ಎಂಬ ಇಂತಹುದೇ ಭಾಷೆ ಹರಡಿತು. ಯುಎಸ್‌ಬಿ ತಂತಿಯ ಮೂಲಕವೂ ಇವೇ ಮಾತುಗಳನ್ನಾಡಿಸುವ ‘ಐಪಿಪಿ-ಯುಎಸ್‌ಬಿ’ ಎಂಬ ಸಣ್ಣ ತಂತ್ರಾಂಶವು 2021ರ ಡೆಬಿಯನ್ 11ರೊಡನೆ ಬಂದಿತು. ಇಂತಹ ಯಂತ್ರವಾದರೆ ತಂತಿ ಸಿಕ್ಕಿಸಿದೊಡನೆ ಅಚ್ಚೂ ಸ್ಕ್ಯಾನೂ ಸಾಮಾನ್ಯವಾಗಿ ಡ್ರೈವರಿಲ್ಲದೆಯೇ ನಡೆಯುತ್ತವೆ. ಇಲ್ಲಿ ಒಂದು ಎಚ್ಚರಿಕೆಯ ಮಾತು: ಐಪಿಪಿ-ಯುಎಸ್‌ಬಿ ತಂತಿಯನ್ನು ಹಿಡಿದುಕೊಂಡಿರುವಾಗ ಹಳೆಯ ಬಗೆಯ ಡ್ರೈವರಿಗೆ ಅದು ಸಿಗದು. ಎರಡನ್ನೂ ಹಾಕಿಟ್ಟು ಗೊಂದಲಕ್ಕೆ ಒಳಗಾಗುವುದಕ್ಕಿಂತ ಒಂದನ್ನು ಆರಿಸಿಕೊಳ್ಳುವುದು ಲೇಸು. ಹೊಸದಾಗಿ ಕೊಳ್ಳುವವರು ಪೆಟ್ಟಿಗೆಯ ಮೇಲೆ ‘ಏರ್‌ಪ್ರಿಂಟ್’ ಎಂದಿದೆಯೇ ಎಂದು ನೋಡಿದರೆ, ಐಫೋನ್ ಇಲ್ಲದಿದ್ದರೂ ಆ ಮಾತು ಉಪಯೋಗಕ್ಕೆ ಬರುತ್ತದೆ.

ಇದು ಕೆಲವೇ ಹವ್ಯಾಸಿಗಳ ಗೋಜಲು ಎಂದು ತಿಳಿಯಬಾರದು. ಬಂಟ್ವಾಳದ ಗಡಿಯನ್ನು ದಾಟಿದರೆ ಸಿಗುವ ಕಾಸರಗೋಡು ಜಿಲ್ಲೆಯ ಕನ್ನಡ ಮಾಧ್ಯಮ ಶಾಲೆಗಳಲ್ಲಿಯೂ ಗಣಕದ ಪಾಠ ನಡೆಯುವುದು ಲಿನಕ್ಸಿನಲ್ಲಿ. ಕೇರಳದ ‘ಕೈಟ್’ ಸಂಸ್ಥೆಯು ಉಬುಂಟುವಿನ ಆಧಾರದಿಂದ ಸಿದ್ಧಪಡಿಸಿದ ವ್ಯವಸ್ಥೆ ಅದು.

ಎಲ್ಲವೂ ಸರಿಯಾದ ಮೇಲೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಅಚ್ಚಾದರೆ ಮುದ್ರಕವನ್ನು ಹಳಿಯಬೇಡಿ. ಕಡತವು ನುಡಿಯ ಹಳೆಯ ಸಂಕೇತದಲ್ಲಿರಬಹುದು. ಆ ಅಕ್ಷರಶೈಲಿಯನ್ನು ಹಾಕಬೇಕು, ಇಲ್ಲವೇ ಯೂನಿಕೋಡಿಗೆ ಪರಿವರ್ತಿಸಬೇಕು. ಇನ್ನು ಆಷಾಢದ ಮಳೆಯಲ್ಲಿ ಹಾಳೆಗಳು ಜೊತೆಜೊತೆಯಾಗಿ ಸಿಕ್ಕಿಕೊಂಡರೆ, ಲೇಸರ್ ಅಚ್ಚು ಅಲ್ಲಲ್ಲಿ ಮಾಸಿದರೆ, ಅದು ತೇವದ ಕೆಲಸ. ಒದ್ದೆಯಾದ ಕಾಗದದ ಮೇಲೆ ವಿದ್ಯುದಂಶವು ಸರಿಯಾಗಿ ನಿಲ್ಲದುದರಿಂದ ಟೋನರ್ ಪುಡಿ ಚೆನ್ನಾಗಿ ಹತ್ತುವುದಿಲ್ಲ. ಆ ದಿನಕ್ಕೆ ಬೇಕಾದಷ್ಟೇ ಹಾಳೆಗಳನ್ನು ತಟ್ಟೆಯಲ್ಲಿಟ್ಟು, ಉಳಿದ ಕಟ್ಟನ್ನು ಗಾಳಿಯಾಡದಂತೆ ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿಡಬೇಕು.