ಇಟಲಿಯ ತೋಟದ ಮನೆ ವಾಸ್ತವ್ಯ: ಆಯ್ಕೆಗೆ ಮುನ್ನ ಲೆಕ್ಕಾಚಾರ
ಇಟಲಿಯ ವೆರೋನಾ ನಗರದ ಮಾರ್ಮೊಮ್ಯಾಕ್ ಶಿಲಾ ಮೇಳಕ್ಕೆ ತೆರಳುವ ಗ್ರಾನೈಟ್ ವರ್ತಕರು ಹೋಟೆಲಿನ ಬದಲು ಸಮೀಪದ ವಾಲ್ಪೊಲಿಚೆಲ್ಲಾದ ದ್ರಾಕ್ಷಿತೋಟಗಳಲ್ಲಿ ತಂಗುವುದನ್ನು ಪರಿಶೀಲಿಸಬಹುದು. ಇಂತಹ ವಾಸ್ತವ್ಯಕ್ಕೆ ಅಲ್ಲಿ ‘ಅಗ್ರಿತುರಿಸ್ಮೊ’ ಎಂದು ಹೆಸರು. 2006ರ 96ನೇ ಸಂಖ್ಯೆಯ ಕಾನೂನಿನನ್ವಯ ಈ ಹೆಸರು ಕೃಷಿ ಸಂಸ್ಥೆಗಳಿಗೆ ಮಾತ್ರ ಮೀಸಲು. ಬೇಸಾಯವೇ ಪ್ರಧಾನವಾಗಿದ್ದು, ಆತಿಥ್ಯವು ಅದಕ್ಕೆ ಪೂರಕವಾಗಿರಬೇಕು. ಆದುದರಿಂದ ಕೊಠಡಿ ಕಾಯ್ದಿರಿಸುವ ಮುನ್ನ ಅಲ್ಲಿ ಏನನ್ನು ಬೆಳೆಯುತ್ತಾರೆ, ತೋಟದ ಉತ್ಪನ್ನವನ್ನೇ ಬಡಿಸುತ್ತಾರೆಯೇ ಎಂದು ವಿಚಾರಿಸುವುದು ಒಳಿತು.

ದರ ಹೋಲಿಸುವಾಗ ಕೊಠಡಿಯ ಬಾಡಿಗೆಯೊಂದನ್ನೇ ನೋಡಬಾರದು. ಉಪಾಹಾರ, ಶುಚಿಗೊಳಿಸುವ ಶುಲ್ಕ, ಹಲವೆಡೆ ಸ್ಥಳೀಯ ಸಂಸ್ಥೆ ವಿಧಿಸುವ ತಲಾ ಪ್ರವಾಸಿ ತೆರಿಗೆ, ಬಸ್ ಸೌಕರ್ಯ ವಿರಳವಾದ ಹಳ್ಳಿಗೆ ಅನಿವಾರ್ಯವಾಗುವ ಬಾಡಿಗೆ ಕಾರು, ಇವೆಲ್ಲವನ್ನೂ ಕೂಡಿಸಿ ತಲಾ ದಿನವೆಚ್ಚವನ್ನು ನಿರ್ಧರಿಸತಕ್ಕದ್ದು. ಮೂವರು ಜೊತೆಗೂಡಿದರೆ ಕಾರಿನ ವೆಚ್ಚ ಹಂಚಿಹೋಗಿ ಉಳಿತಾಯವಾದೀತು. ಒಬ್ಬರೇ ಹೋಗುವುದಾದರೆ ನಗರದ ಹೋಟೆಲೇ ಅಗ್ಗವಾಗಬಹುದು.