ನಮ್ಮ ಮಂಗಳೂರಿನಿಂದ ಕರಾವಳಿ ಮಂಗಳೂರಿಗೆ: ಬ್ರೇಕ್ ಕಲಿಸಿದ ಪಾಠ

ಹಾಸ್ಟೆಲ್‌ನಲ್ಲಿ ಯಾರಾದರೂ "ನಿಮ್ಮೂರು ಯಾವುದು?" ಅಂತ ಕೇಳಿದರೆ ನಾನು "ಮಂಗಳೂರು" ಅಂತೀನಿ. ತಕ್ಷಣ ಮುಂದಿನ ಪ್ರಶ್ನೆ ಬರುತ್ತದೆ: "ಹಂಗಾದ್ರ ದಿನಾ ಮೀನು ತಿಂತೀರೇನು?" ನಮ್ಮ ಮಂಗಳೂರಿಗೆ ಸಮುದ್ರ ಇಲ್ಲ ಗೆಳೆಯರೇ. ಅದು ಕೊಪ್ಪಳ ಜಿಲ್ಲೆಯಲ್ಲಿ, ಯಲಬುರ್ಗಾ–ಕುಕನೂರು ಸೀಮೆಯಲ್ಲಿರುವ ಊರು. ಎರಿ ಹೊಲ, ಜೋಳ, ಕಡಲೆ, ಕಣ್ಣು ಹಾಯಿಸಿದಷ್ಟೂ ಬಯಲು. ಈ ಪ್ರಶ್ನೆ ಕೇಳಿ ಕೇಳಿ ಸಾಕಾಗಿ, ಐದನೇ ಸೆಮಿಸ್ಟರ್ ಪರೀಕ್ಷೆ ಮುಗಿದ ಮೇಲೆ ನಾವು ಐದು ಜನ, ಮೂರು ಬೈಕ್ ತಗೊಂಡು, ಈ ಮಂಗಳೂರಿನಿಂದ ಆ ಮಂಗಳೂರಿಗೆ ಹೊಂಟ್ವಿ.

ಒಂದು ಕಡೆಗೆ ಸುಮಾರು 500 ಕಿ.ಮೀ. ಕೊಪ್ಪಳ, ಹೊಸಪೇಟೆ, ಕೂಡ್ಲಿಗಿ, ಚಿತ್ರದುರ್ಗ, ಹೊಳಲ್ಕೆರೆ ದಾಟಿ ಶಿವಮೊಗ್ಗದಲ್ಲಿ ರಾತ್ರಿ ತಂಗಿದ್ವಿ. ಮರುದಿನ ತೀರ್ಥಹಳ್ಳಿ, ಆಗುಂಬೆ, ಸೋಮೇಶ್ವರ, ಹೆಬ್ರಿ, ಉಡುಪಿ. ದಾರಿಯ ಸೊಬಗಿನ ಬಗ್ಗೆ ಬರೆಯುವವರು ಬಹಳ ಜನ ಇದ್ದಾರೆ. ನಾನು ಬರೆಯುತ್ತಿರುವುದು ಆಗುಂಬೆ ಘಾಟಿಯಲ್ಲಿ ಆದ ಒಂದು ಘಟನೆ ಮತ್ತು ಅದರ ಹಿಂದಿನ ಮೆಕ್ಯಾನಿಕಲ್ ಪಾಠದ ಬಗ್ಗೆ. ಬೇರೆ ಬ್ರಾಂಚ್‌ನವರು ಹೆದರಬೇಡಿ, ಪಿಯುಸಿ ಭೌತಶಾಸ್ತ್ರ ಸಾಕು.

ಘಾಟಿಯಲ್ಲಿ ಆಗಿದ್ದೇನು?

ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವಾಗ 14 ಹೇರ್‌ಪಿನ್ ತಿರುವುಗಳು ಸಿಗುತ್ತವೆ. ಮೂರನೇ ಬೈಕ್ ನನ್ನ ಬಾಲ್ಯದ ದೋಸ್ತನದು, ನಾಲ್ಕು ವರ್ಷ ಹಳೆಯ 150 ಸಿಸಿ ಗಾಡಿ. ಹಿಂದೆ ಒಬ್ಬ ಕೂತಿದ್ದ, ಸೀಟಿನ ಮೇಲೆ ಎರಡು ಬ್ಯಾಗ್ ಬೇರೆ. ನಾಲ್ಕೈದು ತಿರುವು ಆದ ಮೇಲೆ ಫೋಟೋಕ್ಕೆ ನಿಂತಾಗ ಅವನು ಹಿಂದೆ ಉಳಿದಿದ್ದ. ಬಂದ ಕೂಡಲೇ ನಾನೇ ಕಾಡಿಸಿದೆ: "ಯಾಕಲೇ, ಅಂಜಿಕಿ ಬಂತೇನು? ಎತ್ತಿನ ಗಾಡಿ ಹೊಡದಂಗ ಹೊಡ್ಯಾಕತ್ತೀಯಲ್ಲ!" ಎಲ್ಲರೂ ನಕ್ಕರು. ಅವನೂ ನಕ್ಕ, ಏನೂ ಹೇಳಲಿಲ್ಲ.

ಇನ್ನೂ ಕೆಲವು ತಿರುವು ಇಳಿದ ಮೇಲೆ ಹಿಂದಿನಿಂದ ಕೂಗು ಕೇಳಿತು: "ಬ್ರೇಕ್ ಹಿಡಿವಲ್ದೋ!" ಮುಂದಿನ ಬ್ರೇಕ್ ಲಿವರ್ ಒತ್ತಿದರೆ ನೇರ ಹಿಡಿಕೆಗೇ ಹೋಗಿ ತಾಗುತ್ತಿತ್ತು. ಹಿಂದಿನ ಡ್ರಮ್ ಬ್ರೇಕ್ ಅರ್ಧ ಹಿಡಿಯಿತು. ಅವನು ಗಾಡಿಯನ್ನು ಕಣಿವೆಯ ಕಡೆಗೆ ಬಿಡದೆ ಗುಡ್ಡದ ಕಡೆಯ ಚರಂಡಿಗೆ ಒತ್ತಿಸಿ ಕೆಡವಿದ. ಇಬ್ಬರ ಮೊಣಕಾಲು ಕೆತ್ತಿದವು, ಒಂದು ಇಂಡಿಕೇಟರ್ ಮುರಿಯಿತು. ಮೇಲಕ್ಕೆ ಬರುತ್ತಿದ್ದ ಬಸ್ಸು ಇನ್ನೊಂದು ತಿರುವಿನ ಕೆಳಗಿತ್ತು. ಆ ಬಸ್ಸಿನ ಹಾರ್ನ್ ಈಗಲೂ ನನ್ನ ಕಿವಿಯಲ್ಲಿದೆ.

ಅರ್ಧ ಗಂಟೆ ಕೂತು ನೀರು ಕುಡಿದು ಲಿವರ್ ಒತ್ತಿ ನೋಡಿದರೆ, ಏನೂ ಆಗೇ ಇಲ್ಲ ಅನ್ನುವ ಹಾಗೆ ಗಟ್ಟಿ! "ಈಗ ಸರಿ ಐತಲ್ಲ, ನಡೀರಿ" ಅಂದ ಒಬ್ಬ. ಎಲ್ಲಕ್ಕಿಂತ ಅಪಾಯದ ಮಾತು ಅದೇ. ಯಾಕೆ ಅಂತ ಮುಂದೆ ನೋಡೋಣ.

ಐದು ಲೀಟರ್ ನೀರು ಕುದಿಸುವ ಶಾಖ

ಗಾಡಿ 145 ಕೆ.ಜಿ., ಇಬ್ಬರು ಸವಾರರು 135 ಕೆ.ಜಿ., ಬ್ಯಾಗ್ 20 ಕೆ.ಜಿ. ಅಂತ ಹಿಡಿಯಿರಿ. ಒಟ್ಟು 300 ಕೆ.ಜಿ. ಲೆಕ್ಕಕ್ಕೆ ಇಳಿಕೆ 500 ಮೀಟರ್ ಅಂದುಕೊಳ್ಳೋಣ. ಸ್ಥಿತಿಶಕ್ತಿಯ ಸೂತ್ರ ಎಲ್ಲರಿಗೂ ಗೊತ್ತು: ದ್ರವ್ಯರಾಶಿ × ಗುರುತ್ವ × ಎತ್ತರ.

300 × 9.8 × 500 = 14,70,000 ಜೂಲ್.

ಎಷ್ಟು ಇದು? 30 ಡಿಗ್ರಿಯಲ್ಲಿರುವ ಒಂದು ಲೀಟರ್ ನೀರನ್ನು 100 ಡಿಗ್ರಿಗೆ ಕಾಯಿಸಲು ಸುಮಾರು 2,94,000 ಜೂಲ್ ಬೇಕು. ಭಾಗಿಸಿ ನೋಡಿ, ಸರಿಯಾಗಿ 5 ಲೀಟರ್. ಅಂದರೆ ಘಾಟಿ ಇಳಿಯುವ ಒಂದು ಬೈಕ್, ಐದು ಲೀಟರ್ ನೀರನ್ನು ಕುದಿಯುವ ಹಂತಕ್ಕೆ ತರುವಷ್ಟು ಶಕ್ತಿಯನ್ನು ಎಲ್ಲೋ ಒಂದು ಕಡೆ ಬಿಡಲೇಬೇಕು. ಸ್ವಲ್ಪ ಗಾಳಿಯ ತಡೆಗೆ, ಸ್ವಲ್ಪ ಟೈರಿಗೆ ಹೋಗುತ್ತದೆ. ಉಳಿದದ್ದನ್ನು ಎಂಜಿನ್ ಮತ್ತು ಬ್ರೇಕ್ ಹಂಚಿಕೊಳ್ಳಬೇಕು. ಎಂಜಿನ್ನಿಗೆ ಆ ಕೆಲಸ ಕೊಡದಿದ್ದರೆ ಅಷ್ಟೂ ಭಾರ ಅಂಗೈ ಅಗಲದ ಬ್ರೇಕ್ ಡಿಸ್ಕ್ ಮತ್ತು ಡ್ರಮ್ ಮೇಲೆ ಬೀಳುತ್ತದೆ.

ನನ್ನ ದೋಸ್ತ ಮಾಡಿದ್ದೇ ಅದು. ಪೆಟ್ರೋಲ್ ಉಳಿಸಾಕಂತ ನ್ಯೂಟ್ರಲ್‌ನಲ್ಲಿ ಇಳಿಯುತ್ತಿದ್ದ. ಬ್ರೇಕ್ ಸಣ್ಣಗೆ ಒತ್ತಿಯೇ ಹಿಡಿದಿದ್ದ, ಒಂದು ಕ್ಷಣ ಬಿಟ್ಟಿರಲಿಲ್ಲ. ನಮ್ಮ ಕೊಪ್ಪಳ ಸೀಮೆಯ ಬಯಲಿನಲ್ಲಿ ಹೀಗೆ ಹತ್ತು ವರ್ಷ ಓಡಿಸಿದರೂ ಏನೂ ಆಗಲ್ಲ, ಯಾಕಂದ್ರೆ ಬಯಲು ಬ್ರೇಕಿಗೆ ಈ ಪ್ರಶ್ನೆಯನ್ನು ಕೇಳೋದೇ ಇಲ್ಲ. ಘಾಟಿ ಕೇಳುತ್ತದೆ.

ಬ್ರೇಕ್ ಆಯಿಲ್ ನೀರು ಕುಡಿಯುತ್ತದೆ

ಡಿಸ್ಕ್ ಬ್ರೇಕ್ ನಿಂತಿರುವುದು ಪಾಸ್ಕಲ್ ನಿಯಮದ ಮೇಲೆ. ದ್ರವವನ್ನು ಒತ್ತಿ ಕುಗ್ಗಿಸಲು ಆಗಲ್ಲ, ಆದ್ದರಿಂದ ಲಿವರ್ ಮೇಲಿನ ಒತ್ತಡ ಹಾಗೇ ಪ್ಯಾಡ್‌ಗೆ ತಲುಪುತ್ತದೆ. ಆದರೆ ಆವಿಯನ್ನು ಕುಗ್ಗಿಸಬಹುದು. ನಳಿಕೆಯಲ್ಲಿ ಆವಿಯ ಗುಳ್ಳೆ ಎದ್ದರೆ ನಮ್ಮ ಬೆರಳಿನ ಶಕ್ತಿ ಎಲ್ಲ ಆ ಗುಳ್ಳೆ ಕುಗ್ಗಿಸುವುದಕ್ಕೇ ಖರ್ಚಾಗಿ, ಪ್ಯಾಡ್‌ಗೆ ಏನೂ ಉಳಿಯಲ್ಲ. ಇದಕ್ಕೆ ವೇಪರ್ ಲಾಕ್ ಅಂತಾರೆ.

ಗುಳ್ಳೆ ಎಲ್ಲಿಂದ ಬಂತು? ನಮ್ಮ ಬೈಕ್‌ಗಳಲ್ಲಿ ಸಾಮಾನ್ಯವಾಗಿ ಇರುವ ಡಾಟ್ 3, ಡಾಟ್ 4 ಆಯಿಲ್ ಗ್ಲೈಕಾಲ್ ಜಾತಿಯವು. ಮಳೆಗಾಲದಲ್ಲಿ ಉಪ್ಪಿನ ಡಬ್ಬಿ ಹೇಗೆ ಒದ್ದೆಯಾಗುತ್ತದೋ ಹಾಗೆ ಇವು ಗಾಳಿಯಲ್ಲಿನ ತೇವವನ್ನು ಮೆಲ್ಲಗೆ ಹೀರಿಕೊಳ್ಳುತ್ತವೆ. ಡಾಟ್ 4 ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು ಅನ್ನುವುದು ಮಾನದಂಡ. ಅದೇ ಆಯಿಲ್ 3.7% ನೀರು ಕುಡಿದ ಮೇಲೆ ಮಾನದಂಡ ಕೇಳುವುದು 155 ಡಿಗ್ರಿ ಮಾತ್ರ. ಡಾಟ್ 3 ಆದರೆ 205ರಿಂದ 140ಕ್ಕೆ. ಬಿಡದೆ ಬ್ರೇಕ್ ಒತ್ತಿದ ಘಾಟಿಯಲ್ಲಿ ಕ್ಯಾಲಿಪರ್ ಅಷ್ಟು ಬಿಸಿಯಾಗುವುದು ಕಷ್ಟವೇನಲ್ಲ.

ಈಗ ಅರ್ಧ ಗಂಟೆಯ ಗುಟ್ಟು ಗೊತ್ತಾಯಿತಲ್ಲ? ತಣ್ಣಗಾದಾಗ ಆವಿ ಮತ್ತೆ ದ್ರವವಾಗುತ್ತದೆ, ಲಿವರ್ ಗಟ್ಟಿಯಾಗುತ್ತದೆ. ರೋಗ ಹೋಗಿರಲ್ಲ, ಜ್ವರ ಮಾತ್ರ ಇಳಿದಿರುತ್ತದೆ. ಉಳಿದ ತಿರುವುಗಳನ್ನು ನಾವು ಹಿಂದೆ ಯಾರನ್ನೂ ಕೂರಿಸದೆ, ಮೊದಲನೇ ಗೇರಿನಲ್ಲಿ, ನಡಿಗೆಗಿಂತ ತುಸು ಜೋರಾಗಿ ಇಳಿದ್ವಿ. ಇಬ್ಬರು ಬಸ್ಸಿನಲ್ಲಿ ಬಂದರು.

ಉಡುಪಿ ಕಡೆಯ ಮೆಕ್ಯಾನಿಕ್ ಒಬ್ಬರು ಆಯಿಲ್ ಡಬ್ಬಿಯ ಮುಚ್ಚಳ ತೆಗೆದು ನಮ್ಮನ್ನೇ ನೋಡಿದರು. "ಇದೆಂತ ಮಾರಾಯ್ರೆ, ಬ್ರೇಕ್ ಆಯಿಲಾ, ಕಷಾಯವಾ?" ಜೇನಿನ ತಿಳಿ ಬಣ್ಣ ಇರಬೇಕಾದದ್ದು ಹಾಲಿಲ್ಲದ ಚಹಾದ ಹಾಗೆ ಕಪ್ಪಾಗಿತ್ತು. ಬೈಕ್ ಕೊಂಡಾಗಿನಿಂದ ಒಮ್ಮೆಯೂ ಬದಲಿಸಿರಲಿಲ್ಲ. ಬಹಳಷ್ಟು ಬೈಕ್‌ಗಳ ಕೈಪಿಡಿ ಎರಡು ವರ್ಷಕ್ಕೊಮ್ಮೆ ಬದಲಿಸಿ ಅನ್ನುತ್ತದೆ. ಎಂಜಿನ್ ಆಯಿಲ್‌ನ ಲೆಕ್ಕ ಬಾಯಿಪಾಠ ಇರುವ ನಮಗೆ ಇದು ಗೊತ್ತೇ ಇರಲಿಲ್ಲ.

ನೀವು ಬದಲಿಸುವಾಗ ಮೂರು ಮಾತು ನೆನಪಿಡಿ. ಮುಚ್ಚಳದ ಮೇಲೆ ಯಾವ ಡಾಟ್ ಅಂತ ಬರೆದಿದೆಯೋ ಅದನ್ನೇ ಹಾಕಿ. ಡಾಟ್ 5 ಸಿಲಿಕೋನ್ ಜಾತಿಯದು, ಇವುಗಳ ಜೊತೆ ಬೆರೆಸಬಾರದು. ಸೀಲ್ ಒಡೆಯದ ಬಾಟಲಿಯನ್ನೇ ಕೊಳ್ಳಿ, ಹೋದ ವರ್ಷ ತೆರೆದಿಟ್ಟ ಬಾಟಲಿ ಆಗಲೇ ನೀರು ಕುಡಿದಿರುತ್ತದೆ. ಆಯಿಲ್ ಪೇಂಟ್ ಮೇಲೆ ಬಿದ್ದರೆ ಕೂಡಲೇ ನೀರಿನಿಂದ ತೊಳೆಯಿರಿ, ಇಲ್ಲಾಂದ್ರೆ ಬಣ್ಣ ಕಿತ್ತು ಬರುತ್ತದೆ. ಎಬಿಎಸ್ ಇರುವ ಗಾಡಿಯಾದರೆ ತಿಳಿದವರ ಕೈಗೇ ಕೊಡಿ.

ನ್ಯೂಟ್ರಲ್ ಚಟ ಎಲ್ಲಿಂದ ಬಂತು?

ಊರಿಗೆ ಬಂದು ನಮ್ಮ ಮಿಸ್ತ್ರಿ ಕಾಕಾಗೆ ಎಲ್ಲ ಹೇಳಿದೆ. ಅವರು ಯೆಜ್ದಿ ಗಾಡಿಗಳನ್ನು ಬಿಚ್ಚಿ ಜೋಡಿಸಿದ ಕಾಲದವರು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಬೈಕ್ ಮಾಡಲು ಶುರು ಮಾಡಿ 1996ರಲ್ಲಿ ಬಾಗಿಲು ಹಾಕಿತು. ಆ ಗಾಡಿಗಳು ಟೂ ಸ್ಟ್ರೋಕ್. ಎಂಜಿನ್ನಿಗೆ ಬೇಕಾದ ಎಣ್ಣೆಯನ್ನು ಪೆಟ್ರೋಲಿಗೇ ಬೆರೆಸಿ ಹಾಕಬೇಕಿತ್ತು.

"ತಮ್ಮಾ, ಅದರಾಗ ಎಕ್ಸಲರೇಟರ್ ಬಿಟ್ಟು ದೂರ ಇಳದ್ರ ಪೆಟ್ರೋಲ್ ಬರಂಗಿಲ್ಲ, ಪೆಟ್ರೋಲ್ ಬರಲಿಲ್ಲಂದ್ರ ಎಣ್ಣಿನೂ ಬರಂಗಿಲ್ಲ. ಪಿಸ್ಟನ್ ಜಾಮ್ ಆಕ್ಕಿತ್ತು. ಅದಕ್ಕ ನಾವು ಕ್ಲಚ್ ಹಿಡದು ಇಳೀತಿದ್ವಿ, ನಡುನಡುವ ಎಕ್ಸಲರೇಟರ್ ಕೊಡ್ತಿದ್ವಿ. ಅಪ್ಪ ಮಾಡಿದ್ದು ನೋಡಿ ಮಗ ಕಲ್ತಾನ. ಗಾಡಿ ಬದಲಾತು, ಚಟ ಬದಲಾಗಲಿಲ್ಲ" ಅಂದರು ಕಾಕಾ.

ದೋಸ್ತನ ಅಪ್ಪನ ಹತ್ತಿರ ಹಿಂದೆ ಟೂ ಸ್ಟ್ರೋಕ್ ಬೈಕ್ ಇದ್ದದ್ದು ನಿಜ. ಆದರೆ ಈಗಿನ ಫೋರ್ ಸ್ಟ್ರೋಕ್‌ನಲ್ಲಿ ಎಣ್ಣೆ ಬೇರೆಯಾಗಿಯೇ ತಿರುಗುತ್ತಿರುತ್ತದೆ, ಆ ಭಯ ಇಲ್ಲ. ಜೊತೆಗೆ ಎಕ್ಸಲರೇಟರ್ ಬಿಟ್ಟಾಗ ಥ್ರಾಟಲ್ ಮುಚ್ಚಿ, ಪಿಸ್ಟನ್ ಗಾಳಿ ಎಳೆಯಲು ಒದ್ದಾಡುತ್ತದೆ. ಬಾಯಿ ಮುಚ್ಚಿದ ಸಿರಿಂಜ್ ಎಳೆದು ನೋಡಿ, ಕೈಗೆ ಸಿಗುವ ಆ ತಡೆಯೇ ಎಂಜಿನ್ ಬ್ರೇಕಿಂಗ್. ಪುಕ್ಕಟೆ ಸಿಗುವ ಮೂರನೇ ಬ್ರೇಕ್ ಅದು.

ಪೆಟ್ರೋಲ್ ಉಳಿತಾಯದ ಲೆಕ್ಕವೂ ತಪ್ಪು. 2020ರ ಏಪ್ರಿಲ್‌ನಲ್ಲಿ ಬಿಎಸ್ 6 ಬಂದ ಮೇಲೆ ಹೆಚ್ಚಿನ ಬೈಕ್‌ಗಳಲ್ಲಿ ಫ್ಯುಯೆಲ್ ಇಂಜೆಕ್ಷನ್ ಇದೆ. ಗೇರಿನಲ್ಲಿ ಎಕ್ಸಲರೇಟರ್ ಬಿಟ್ಟು ಇಳಿದರೆ ಅಂಥ ಬಹಳಷ್ಟು ಗಾಡಿಗಳು ಪೆಟ್ರೋಲನ್ನೇ ನಿಲ್ಲಿಸುತ್ತವೆ. ನ್ಯೂಟ್ರಲ್‌ನಲ್ಲಿ ಎಂಜಿನ್ ನಿಲ್ಲದಿರಲು ಪೆಟ್ರೋಲ್ ಬೇಕೇ ಬೇಕು. ಇನ್ನು ಘಾಟಿ 10 ಕಿ.ಮೀ. ಅಂತ ಹಿಡಿದು, ಪೂರ್ತಿ ಪೆಟ್ರೋಲ್ ಉಳಿಯಿತು ಅಂದುಕೊಂಡರೂ ಕಾಲು ಲೀಟರ್ ದಾಟಲ್ಲ. ಜೀವ ಅಷ್ಟು ಅಗ್ಗವೇ?

ಇಳಿಯುವ ಕ್ರಮ ಸರಳ. ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ. ತಿರುವಿಗೆ ಮೊದಲೇ, ಗಾಡಿ ನೇರ ಇರುವಾಗ, ಎರಡೂ ಬ್ರೇಕ್ ಗಟ್ಟಿಯಾಗಿ ಒತ್ತಿ ವೇಗ ಇಳಿಸಿ, ಆಮೇಲೆ ಪೂರ್ತಿ ಬಿಡಿ. ಬಿಟ್ಟ ಹೊತ್ತಿನಲ್ಲಿ ಡಿಸ್ಕ್‌ಗೆ ಗಾಳಿ ತಾಗಿ ಆರುತ್ತದೆ. ಹತ್ತುವ ವಾಹನಕ್ಕೆ ದಾರಿ ಬಿಡಿ.

ಚೈನು ಮತ್ತು ಹವಾ

ಬಯಲುಸೀಮೆಯ ಗಾಡಿಗೆ ಇನ್ನೊಂದು ಶತ್ರು ಧೂಳು. ಎಣ್ಣೆ ಸವರಿದ ಚೈನಿಗೆ ಧೂಳು ಅಂಟಿದರೆ ಅದು ಉಪ್ಪು ಕಾಗದದ ಹಾಗೆ ಸ್ಪ್ರಾಕೆಟ್ ಹಲ್ಲು ತಿನ್ನುತ್ತದೆ. ಸೀಮೆಎಣ್ಣೆ, ಮೆತ್ತನೆಯ ಬ್ರಷ್‌ನಿಂದ ತೊಳೆದು, ಒರೆಸಿ, 90 ನಂಬರ್ ಗೇರ್ ಆಯಿಲ್ ಹಚ್ಚಿ. ಪೆಟ್ರೋಲ್ ಬೇಡ, ಒಳಗಿನ ರಬ್ಬರ್ ರಿಂಗ್ ಇದ್ದರೆ ಹಾಳಾಗುತ್ತದೆ. ಎಂಜಿನ್ ಚಾಲೂ ಇಟ್ಟು, ಗೇರ್ ಹಾಕಿ, ಓಡುವ ಚೈನಿಗೆ ಬಟ್ಟೆ ಹಿಡಿಯಲೇಬೇಡಿ. ಬೆರಳು ಹೋಗಲು ಕಣ್ಣು ಮಿಟುಕಿಸುವಷ್ಟು ಹೊತ್ತು ಸಾಕು. ಚಕ್ರವನ್ನು ಕೈಯಲ್ಲೇ ತಿರುಗಿಸಿ.

ಚೈನು ಬಿಗಿ ಇದ್ದಷ್ಟೂ ಒಳ್ಳೆಯದು ಅನ್ನುವುದು ತಪ್ಪು ತಿಳಿವಳಿಕೆ. ಹಿಂದಿನ ಚಕ್ರ ಹಿಡಿದಿರುವ ಸ್ವಿಂಗ್ ಆರ್ಮ್ ತಿರುಗುವ ಬಿಂದುವೂ ಮುಂದಿನ ಸ್ಪ್ರಾಕೆಟ್‌ನ ಕೇಂದ್ರವೂ ಬೇರೆ ಬೇರೆ. ಹಿಂದೆ ಭಾರ ಕೂತು ಸಸ್ಪೆನ್ಷನ್ ಒತ್ತಿದಾಗ ಎರಡು ಸ್ಪ್ರಾಕೆಟ್‌ಗಳ ನಡುವಿನ ದೂರ ಹೆಚ್ಚಿ ಚೈನು ಬಿಗಿಯಾಗುತ್ತದೆ. ಮೊದಲೇ ಬಿಗಿ ಇದ್ದರೆ ಬೇರಿಂಗ್ ಪೆಟ್ಟು ತಿನ್ನುತ್ತದೆ. ಎಷ್ಟು ಸಡಿಲ ಬೇಕು ಅಂತ ಕೈಪಿಡಿಯಲ್ಲಿ ಇರುತ್ತದೆ. ಚಕ್ರ ತಿರುಗಿಸುತ್ತಾ ನಾಲ್ಕೈದು ಕಡೆ ನೋಡಿ, ಅತಿ ಬಿಗಿ ಇರುವ ಜಾಗದಲ್ಲಿ ಅಳೆಯಿರಿ.

ಹವಾ ಬಗ್ಗೆ ಒಂದೇ ಮಾತು. ಟೈರ್ ತಣ್ಣಗಿರುವಾಗ, ಹೊರಡುವ ಮುಂಚೆ ಹಾಕಿಸಿ. ಹಿಂದೆ ಒಬ್ಬರಿದ್ದರೆ ಹಿಂದಿನ ಚಕ್ರಕ್ಕೆ ಎಷ್ಟು ಅಂತ ಕೈಪಿಡಿಯಲ್ಲಿ ಬೇರೆ ಅಂಕಿ ಕೊಟ್ಟಿರುತ್ತಾರೆ, ಅದನ್ನೇ ಪಾಲಿಸಿ.

ಕೊನೆಯ ಪಾಠ

ಆ ರಾತ್ರಿ ಕರಾವಳಿ ಮಂಗಳೂರು ಮುಟ್ಟಿ, ಊಟಕ್ಕೆ ಕೂತಾಗ ದೋಸ್ತ ಮೆಲ್ಲಗೆ ಹೇಳಿದ: "ಫೋಟೋಕ್ಕ ನಿಂತಾಗಲೇ ಲಿವರ್ ಮೆತ್ತಗಾಗಿತ್ತು. ಹೇಳಬೇಕಂತ ಬಂದೆ. ನೀ ನಗಾಕ ಶುರು ಮಾಡಿದಿ, ಸುಮ್ಮನಾದೆ."

ನಾನು ತಟ್ಟೆ ನೋಡುತ್ತಾ ಕೂತೆ. ಗಾಡಿ ಮೊದಲೇ ಹೇಳಿತ್ತು. ಅವನಿಗೆ ಕೇಳಿಸಿತ್ತು. ನಡುವೆ ಬಾಯಿ ಮುಚ್ಚಿಸಿದವನು ನಾನು. ಆಯಿಲ್ ಬದಲಿಸಲು ಬಹಳ ದುಡ್ಡು ಬೇಕಾಗಿಲ್ಲ, ಆದರೆ ಗೆಳೆಯರ ನಡುವೆ "ನನ್ ಗಾಡಿ ಸರಿ ಇಲ್ಲ" ಅನ್ನಲು ಧೈರ್ಯ ಬೇಕು. ಆ ಧೈರ್ಯ ಕೊಡಬೇಕಾದದ್ದು ಉಳಿದವರು.

ಅಂದಿನಿಂದ ನಮ್ಮ ಗುಂಪಿನಲ್ಲಿ ಕೆಲವು ಕಟ್ಟುಪಾಡು ಇವೆ. ಹೊರಡುವ ಹಿಂದಿನ ಸಂಜೆ ಎಲ್ಲರೂ ಒಂದೇ ಕಡೆ ಸೇರಿ, ಒಬ್ಬರ ಗಾಡಿಯನ್ನು ಇನ್ನೊಬ್ಬರು ನೋಡಬೇಕು. ನಮ್ಮ ಗಾಡಿಯ ತಪ್ಪು ನಮಗೆ ಅಭ್ಯಾಸವಾಗಿ ಹೋಗಿರುತ್ತದೆ, ಬೇರೆಯವರ ಕೈಗೆ ಕೂಡಲೇ ತಿಳಿಯುತ್ತದೆ. ಭಾರ ಹೆಚ್ಚಿರುವ, ನಿಧಾನದ ಗಾಡಿ ಎರಡನೆಯದಾಗಿ ಹೋಗಬೇಕು, ಕೊನೆಯಲ್ಲಲ್ಲ. ಸಾಮಾನು, ಪಂಚರ್ ಕಿಟ್ ಇರುವವನು ಕೊನೆಗೆ. ಸುಮಾರು 80 ಕಿ.ಮೀ.ಗೆ ಒಮ್ಮೆ ನಿಂತು ಕೇಳಬೇಕು, "ಏನರ ಐತೇನ್ರಪಾ?" ಮೊದಲು ತಕರಾರು ಹೇಳಿದವನ ಚಹಾದ ದುಡ್ಡು ಉಳಿದವರದು.

ಈ ಚಹಾದ ನಿಯಮ ಬಂದ ಮೇಲೆ ಸಣ್ಣ ಸಣ್ಣ ಸದ್ದೂ ಕಿವಿಗೆ ಬೀಳತೊಡಗಿವೆ. ಕೆಲವು ಸಲ ಪುಕ್ಕಟೆ ಚಹಾಕ್ಕೆ ಸುಳ್ಳು ತಕರಾರೂ ಬರುತ್ತವೆ, ಇರಲಿ ಬಿಡಿ.

ಇದನ್ನು ಓದಿ ಮುಗಿಸಿದ ಮೇಲೆ ಪಾರ್ಕಿಂಗ್‌ಗೆ ಹೋಗಿ ನಿಮ್ಮ ಗಾಡಿಯ ಬ್ರೇಕ್ ಆಯಿಲ್ ಬಣ್ಣ ನೋಡಿ, ಲಿವರ್ ಒಮ್ಮೆ ಒತ್ತಿ. ಪಕ್ಕದಲ್ಲಿ ನಿಲ್ಲಿಸಿದ ಗೆಳೆಯನ ಗಾಡಿಯದೂ ನೋಡಿ. ಕಪ್ಪಾಗಿದ್ದರೆ ಇವತ್ತೇ ಹೇಳಿ.